ಏರಿನಲ್ಲಿ ನಮ್ಮಕ್ಕನನ್ನು ಇಳಿಸಿದ ಇಂಜಿನಿಯರರಿಗೆ

ಮೋಟಾರ್ ಸೈಕಲ್ಲಿನ ಗೇರುಗಳ ಲೆಕ್ಕ ಹಾಕುವ ಮುಖ್ಯ ಇಂಜಿನಿಯರರ ಸಮಕ್ಷಮಕ್ಕೆ, ಕೊಡಿಗೇನಹಳ್ಳಿಯ ನಿವೃತ್ತ ಪಂಚಾಯ್ತಿ ಗುಮಾಸ್ತ ಮೂಡಲಗಿರಿಯಪ್ಪನು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಕಾರ್ಖಾನೆಯ ಸುತ್ತಮುತ್ತ ಎಲ್ಲಿಯೂ ಏರು ರಸ್ತೆ ಇಲ್ಲವೆಂಬುದನ್ನಂತೂ ತಮ್ಮ ಗಾಡಿಯನ್ನು ನೋಡಿಯೇ ತಿಳಿದುಕೊಂಡಿದ್ದೇನೆ.

ನನ್ನ ಅಕ್ಕ ಸಣ್ಣಕ್ಕ ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಹೆಣ್ಣುಗಂಡನ್ನು ಹಸೆಗೆ ಕರೆಯುವ ಸೋಬಾನೆ ಪದ ಹೇಳುವವಳು. ಮಂಡಿ ಸವೆದು ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಬೈಕಿನ ಹಿಂದಿನ ಸೀಟಿಗೆ ಕಾಲೆತ್ತಿ ಹಾಕಲೂ ಆಗದೆ ಅವಳು ಮನೆಯಲ್ಲೇ ಉಳಿದಾಗ, ಮದುವೆಯವರು ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಅದರಿಂದಲೇ ಸೋಬಾನೆ ಹಾಡಿಸತೊಡಗಿದರು. ಆ ಸುದ್ದಿ ಕೇಳಿದ ದಿನ ಅಕ್ಕ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಲಾರದೆ ನಾನು ತಮ್ಮ ಗಾಡಿಯ ಎಡಮಗ್ಗುಲಿಗೆ ಒಂದು ಸೈಡ್ ಕಾರ್ ಕಟ್ಟಿಸಿದೆ.

ಬಯಲಿನಲ್ಲಿ ತಮ್ಮ ಗಾಡಿಯ ನಡವಳಿಕೆ ಬಹಳ ಸಭ್ಯವಾಗಿತ್ತು. ಆದರೆ ಮದುವೆಯೊಂದಕ್ಕೆ ಹೊರಟಾಗ ಚನ್ನರಾಯನದುರ್ಗದ ಏರಿನಲ್ಲಿ ಅದು ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು, ಇನ್ನು ಇಳಿಯಲು ಗೇರೇ ಇಲ್ಲವಾಗಿ ಅಕ್ಕನನ್ನು ಇಳಿಸಿತು. ಅವಳು ಮಂಡಿ ಹಿಡಿದುಕೊಂಡು ಏರು ಹತ್ತಿ ಚಪ್ಪರ ಸೇರಿ ಬಾಯಿ ತೆರೆದರೆ ಬಂದದ್ದು ಪದವಲ್ಲ, ಏದುಸಿರು. ಹೆಂಗಸರು ಮುಖ ಮುಖ ನೋಡಿಕೊಂಡು ಮತ್ತೆ ಫೋನು ಹಚ್ಚಿದರು.

ತಮ್ಮ ಸರ್ವಿಸ್ ಕೇಂದ್ರದವರು ಗಾಡಿಯನ್ನು ಕೂಲಂಕಷವಾಗಿ ಪರೀಕ್ಷಿಸಿ, "ದೋಷವಿಲ್ಲ, ಏರಿನಲ್ಲಿ ಪ್ರಯಾಣಿಕರನ್ನು ನಡೆಸತಕ್ಕದ್ದು" ಎಂದು ಬರೆದುಕೊಟ್ಟರು. ವಾಹನವೇರಿದವರು ನಡೆಯಬೇಕೆಂಬ ಈ ತತ್ವವನ್ನು ಕಂಡುಹಿಡಿಯಲು ಎಷ್ಟು ವಿದ್ಯೆ ಬೇಕಾಯಿತೋ, ಗುಮಾಸ್ತನಾದ ನನ್ನ ಊಹೆಗೆ ನಿಲುಕದು.

ಇಷ್ಟು ಓದಿರದ ಮಧುಗಿರಿಯ ಮೆಕ್ಯಾನಿಕ್ ರಂಗೇಶ್ ಚೈನಿನ ಮುಂದಿನ ಹಲ್ಲುಚಕ್ರವನ್ನು ಬೆರಳಿನಲ್ಲಿ ಎಣಿಸಿ, "ಹದಿನೇಳು ಹಲ್ಲೈತೆ ಸಾರ್, ಹದಿನೈದರದ್ದು ಹಾಕಿದ್ರೆ ಎಳೀತೈತೆ. ಸ್ಪೀಡ್ ಆಸೆ ಬುಟ್ಬುಡಿ" ಎಂದು ಹೇಳಿ ಮಧ್ಯಾಹ್ನದೊಳಗೆ ಬದಲಾಯಿಸಿಕೊಟ್ಟ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಂದೇ ಅರ್ಜಿಯನ್ನು ಎರಡು ಕಚೇರಿಗೆ ಕೊಡುವುದು ನನ್ನ ಮೂವತ್ತು ವರ್ಷದ ಅಭ್ಯಾಸವಾದ್ದರಿಂದ, ಮೊದಲಿನ ಕೆಲಸದ ವಿಷಯ ತಿಳಿಸದೆ ಶಿರಾದ ಇನ್ನೊಬ್ಬ ಮೆಕ್ಯಾನಿಕ್ಕನಲ್ಲೂ ದೂರು ಸಲ್ಲಿಸಿದೆ. ಆ ಪುಣ್ಯಾತ್ಮನೂ ಏರಿಗೆಂದೇ ಹಿಂದಿನ ಚಕ್ರಕ್ಕೆ ಆರು ಹಲ್ಲು ಹೆಚ್ಚಿರುವ ಹಲ್ಲುಚಕ್ರ ಹಾಕಿದ.

ಈಗ ತಮ್ಮ ಗಾಡಿ ದುರ್ಗದ ಕೋಟೆಗೋಡೆಯನ್ನು ಬೇಕಾದರೂ ಹತ್ತೀತು, ಆದರೆ ಬಯಲಿನಲ್ಲಿ ಮೂವತ್ತೈದು ದಾಟಿಸಿದರೆ ಕಿರುಚಿಕೊಳ್ಳುತ್ತದೆ. ಹುಲ್ಲಿನ ಹೊರೆ ಹೊತ್ತ ಮೊಪೆಡ್ಡುಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತವೆ. "ಲೇ, ನಿನ್ ಗಾಡಿ ನನಗಿಂತ ಮ್ಯಾಲಿನ ಸುರ್ತೀಲಿ ಹಾಡ್ತೈತೆ ಕಣ್ಲಾ" ಎಂಬುದು ಅಕ್ಕನ ಆಕ್ಷೇಪಣೆ.

ಹೋದ ವಾರ ಅದೇ ದುರ್ಗದ ಇನ್ನೊಂದು ಮದುವೆಗೆ ಹೊರಟೆವು. ಅಕ್ಕ ಏರಿನಲ್ಲಿ ಒಂದು ಹೆಜ್ಜೆಯೂ ನಡೆಯಲಿಲ್ಲ. ಆದರೆ ನಾವು ತಲುಪುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು, ಫೋನು ಹಾಡಿ ಮುಗಿಸಿತ್ತು, ಮದುಮಕ್ಕಳು ಊಟಕ್ಕೆ ಏಳುತ್ತಿದ್ದರು. ಅಕ್ಕ ಸೈಡ್ ಕಾರಿನಲ್ಲಿ ಕೂತೇ ಪದ ಎತ್ತಿದಳು. ಉಸಿರು ಎಲ್ಲಿಯೂ ತುಂಡಾಗಲಿಲ್ಲ. ಹೆಣ್ಣಿನ ಅಜ್ಜಿ ಇಂದ್ರಮ್ಮ, "ಇವಾಗ ಕರೀತಾವ್ಳೆ, ಕೂತ್ಕಳ್ರೋ" ಎಂದು ಮದುಮಕ್ಕಳನ್ನು ತಿರುಗಿ ಹಸೆಯ ಮೇಲೆ ಕೂರಿಸಿದರು. ನಾನು ಹ್ಯಾಂಡಲ್ ಹಿಡಿದುಕೊಂಡು ಅತ್ತೆ, ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆದಕಾರಣ ತಾವು ದಯಮಾಡಿ ಇಂಜಿನ್ನನ್ನು ಅಕ್ಕನ ಶ್ರುತಿಗೆ ಹೊಂದಿಸಿಕೊಡಬೇಕು, ಇಲ್ಲವೇ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಮಸ್ತ ಮುಹೂರ್ತಗಳನ್ನು ಒಂದು ಗಂಟೆ ಮುಂದಕ್ಕೆ ಹಾಕಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ, ನಿಧಾನವಾಗಿಯಾದರೂ ತಲುಪುತ್ತಿರುವ
ತಮ್ಮ ವಿಶ್ವಾಸಿ,
ಮೂಡಲಗಿರಿಯಪ್ಪ

ವಿ.ಸೂ.: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ತಮ್ಮನ್ನು ಬೈಯಬಾರದಂತೆ. "ಪಾಪ, ಆ ಇಂಜಿನಿಯರಪ್ಪಂಗೆ ಅಕ್ಕ ಇಲ್ಲೇನೋ ಕಣ್ಲಾ, ಅದ್ಕೇ ಒಬ್ಬಂಗೇ ಆಗೋವಂಗೆ ಮಾಡವ್ನೆ" ಅಂದಳು. ತಮಗೆ ಅಕ್ಕ ಇದ್ದರೆ ಅವರನ್ನು ನಮ್ಮೂರಿಗೆ ಕರೆದುಕೊಂಡು ಬನ್ನಿ. ಅವರನ್ನು ನಾನು ಗಾಡಿಯಲ್ಲೇ ಏರು ಹತ್ತಿಸುತ್ತೇನೆ, ತಾವು ನಡೆದು ಬರಬಹುದು.