ರಾಕೆಟ್ಟನ್ನು ಒಪ್ಪಿದ ಅತ್ತೆ

ನನ್ನ ಸೋದರತ್ತೆ ಆಕಾಶದ ಯಾವ ಸುದ್ದಿಯನ್ನಾದರೂ ನಂಬುತ್ತಿದ್ದಳು. ನಂಬದೆ ಇದ್ದದ್ದು ಮನುಷ್ಯರನ್ನು ಮಾತ್ರ. ಚಂದ್ರನ ಮೇಲೆ ಮನುಷ್ಯ ನಡೆದಾಡಿದ ಸುದ್ದಿ ಬಂದಾಗ ಅವಳ ಊರಾದ ಬಮ್ಮಿಗಟ್ಟಿಯ ಹಿರಿಯರೆಲ್ಲ ಬಾಯಿ ತೆರೆದು ಕೂತಿದ್ದರಂತೆ. ಅತ್ತೆ ಕಸ ಗುಡಿಸುವುದನ್ನು ನಿಲ್ಲಿಸದೆ, "ಕಾಲ ಅದಾವು, ನಡದಾನು. ಅದ್ರಾಗೇನೈತಿ" ಅಂದಳಂತೆ. ಅದೇ ಅತ್ತೆಯ ಮುಂದೆ ಬಾಜು ಮನೆಯಾಕೆ "ಈಗಷ್ಟ ಉಂಡು ಬಂದೇನ್ರಿ" ಅಂದರೆ ಸಾಕು, "ಏನು ಪಲ್ಯ ಇತ್ತು? ಎಷ್ಟು ರೊಟ್ಟಿ?" ಎಂದು ಪೊಲೀಸರ ಹಾಗೆ ವಿಚಾರಣೆ ಶುರುವಾಗುತ್ತಿತ್ತು.

ನನ್ನ ಮದುವೆಯ ಮಾತುಕತೆಗೆ ಕಲಘಟಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಸಾಲಿ ಮಾಸ್ತರು, ವಿಜ್ಞಾನ ಕಲಿಸುವವರು. "ನಮ್ಮ ಹುಡುಗಗ ಯಾವ ಚಟಾನೂ ಇಲ್ರಿ" ಎಂದು ಹುಡುಗನ ಕಾಕಾ ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಎದ್ದು, ತುಂಬಿದ ಪಡಸಾಲೆಯಲ್ಲಿ, ಹುಡುಗನ ಅಂಗಿಯ ಜೇಬಿಗೆ ಕೈ ಹಾಕಿದಳು! ತಂಬಾಕಿನ ಚೀಲ ಹೊರಗೆ ಬಂತು. ಅಪ್ಪ ಗೋಡೆ ಹಿಡಿದುಕೊಂಡರು. ನಾನು ಬಾಗಿಲ ಸಂದಿಯಲ್ಲಿ ಕಲ್ಲಾದೆ. ಅತ್ತೆ ಮಾತ್ರ ಚೀಲವನ್ನು ಮರಳಿ ಜೇಬಿಗಿಟ್ಟು, "ಹುಡುಗ ಅಡ್ಡಿ ಇಲ್ಲ. ಸುಳ್ಳ ಹೇಳಿದ್ದು ಇವರ ಕಾಕಾ, ಇಂವಾ ಅಲ್ಲ" ಎಂದು ತೀರ್ಪು ಕೊಟ್ಟು ಕೂತಳು. ಮದುವೆ ಆಯಿತು. ಅತ್ತೆ ನಮ್ಮ ಮನೆಗೆ ಬಂದಾಗಲೆಲ್ಲ ನಮ್ಮವರು ಜೇಬಿಲ್ಲದ ಬನಿಯನ್ನಿನಲ್ಲೇ ಇರುತ್ತಿದ್ದರು.

ಇಂಥ ಅತ್ತೆಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಬಹುದೆ? ಹೋದೆವು. ಎಂಬತ್ತರ ದಶಕದ ಮಾತು. ಕೋಟಿಗಟ್ಟಲೆ ಸುರಿದು ತೆಗೆದ ಹಿಂದಿ ಚಿತ್ರವೊಂದು ಹುಬ್ಬಳ್ಳಿಗೆ ಬಂದಿತ್ತು. ನಾಯಕ ವಿಜ್ಞಾನಿ, ರಾಕೆಟ್ಟಿನಲ್ಲಿ ಇನ್ನೊಂದು ಲೋಕಕ್ಕೆ ಹೋಗಿ ಹನ್ನೆರಡು ವರ್ಷ ಅಲ್ಲೇ ಸಿಕ್ಕಿಬೀಳುತ್ತಾನೆ. ನಮ್ಮವರು ವಿಜ್ಞಾನವೆಂದರೆ ಜೀವ ಬಿಡುವವರು. ಅತ್ತೆಯನ್ನೂ ಅವಳ ಗಂಡನನ್ನೂ ಕರೆಸಿಕೊಂಡು, ನಾಲ್ವರೂ ಮಧ್ಯಾಹ್ನದ ಆಟಕ್ಕೆ ಬಸ್ಸು ಹತ್ತಿದೆವು.

ಮಾವನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮದುವೆಯಾದ ಎರಡನೇ ವರ್ಷಕ್ಕೆ ತಮ್ಮ ತಂದೆಯೊಡನೆ ಜಗಳಾಡಿ ಮುಂಬೈಗೆ ಹೋಗಿ ಗಿರಣಿ ಸೇರಿದವರು, ಏಳು ವರ್ಷ ಊರ ಕಡೆ ತಲೆ ಹಾಕಿರಲಿಲ್ಲ. ಹಾಗಾಗಿ ನಮ್ಮಲ್ಲಿ ಹಿಂದಿ ಚೆನ್ನಾಗಿ ಬಲ್ಲವರು ಅವರೇ. ಅತ್ತೆಯ ಕಿವಿಯಲ್ಲಿ ಕನ್ನಡ ಮಾಡಿ ಹೇಳುವ ಕೆಲಸ ಅವರ ಪಾಲಿಗೆ ಬಂತು.

ಚಿತ್ರದ ಹೆಚ್ಚುಗಾರಿಕೆಯನ್ನು ಒಪ್ಪಲೇಬೇಕು. ರಾಕೆಟ್ ಏಳುವಾಗ ನಮ್ಮ ಕುರ್ಚಿಗಳು ನಡುಗಿದವು. ಮುಂದಿನ ಸಾಲಿನ ಕೂಸೊಂದು ಹೆದರಿ ಹಾಲು ಕಕ್ಕಿತು. ಕೆಂಪು ಆಕಾಶ, ಎರಡು ಚಂದ್ರ, ನೀರಿಲ್ಲದೆ ಹಾರಾಡುವ ಮೀನು. ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಕೊರತೆಯೂ ಕಡಿಮೆ ಇರಲಿಲ್ಲ. ರಾಕೆಟ್ಟನ್ನು ಇಳಿಬಿಟ್ಟ ದಾರ ಒಮ್ಮೆ ಸ್ಪಷ್ಟವಾಗಿ ಕಂಡಿತು. ಆ ಲೋಕದ ರಾಜ ನಮ್ಮ ಬಯಲಾಟದ ಕಿರೀಟ ಇಟ್ಟುಕೊಂಡು, ಶುದ್ಧ ಹಿಂದಿಯಲ್ಲಿ ಗದರುತ್ತಿದ್ದ. ನಮ್ಮವರಿಗೆ ತಡೆಯಲಾಗಲಿಲ್ಲ. "ಗಾಳಿನ ಇಲ್ಲ ಅಂತಾರ, ಧ್ವಜ ಹ್ಯಾಂಗ ಹಾರಾಡಾಕತ್ತೈತಿ?" ಎಂದು ಒದ್ದಾಡಿದರು.

ಅತ್ತೆ ಸಮಾಧಾನ ಹೇಳಿದಳು. "ಸುಮ್ನಿರ್ರಿ ಅಳಿಯಂದ್ರ. ಅವರ ಲೋಕ, ಅವರ ಗಾಳಿ. ನಿಮಗ್ಯಾಕ?"

ಕೊನೆಗೆ ನಾಯಕ ಭೂಮಿಗೆ ಮರಳಿದ. ಎದೆಮಟ್ಟದ ಗಡ್ಡ, ಹರಕು ಬಟ್ಟೆ. ಅಂಗಳದಲ್ಲಿ ಹೆಜ್ಜೆ ಇಟ್ಟಿದ್ದೇ ತಡ, ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದ ಹೆಂಡತಿ ಬರೀ ಸಪ್ಪಳದಿಂದಲೇ ಗುರುತು ಹಿಡಿದು, ಅವನ ಹೆಸರು ಕೂಗಿ ಓಡಿಬಂದಳು. ಹಾಡು ಶುರುವಾಯಿತು. ಅತ್ತೆ ಎದ್ದು ನಿಂತಳು.

"ಸುಳ್ಳು. ಇದು ಸುಳ್ಳೈತಿ."

ಇಡೀ ಟಾಕೀಜು ನಮ್ಮ ಕಡೆ ತಿರುಗಿತು. ಹಿಂದಿನಿಂದ ಯಾರೋ, "ಏ ಅಜ್ಜೀ, ಕುಂಡ್ರಬೇ, ಹಾಡು ನೋಡಾಕ ಬಿಡು" ಅಂದರು.

"ಹನ್ನೆರಡು ವರ್ಷದ ಮ್ಯಾಲೆ ಹೆಜ್ಜಿ ಸಪ್ಪಳಕ್ಕ ಗುರ್ತು ಸಿಗತೈತೇನೋ? ಮನಿಗಿ ಹೋಗಿ ನಿಮ್ಮವ್ವನ್ನ ಕೇಳು."

ನಮ್ಮವರು ಕೂತಲ್ಲೇ ಕೈ ಮುಗಿದರು. "ಅತ್ತೀರಿ, ಇದು ಸಿನಿಮಾ ಐತ್ರಿ."

"ರಾಕೆಟ್ಟೂ ಸಿನಿಮಾನ ಐತಿ, ಒಪ್ಪಿದ್ನಿ. ಮೀನ ಹಾರಿದ್ದೂ ಒಪ್ಪಿದ್ನಿ. ಇದನ್ನ ಒಪ್ಪಂಗಿಲ್ಲ."

ಟಾರ್ಚು ಹಿಡಿದ ಕೆಲಸಗಾರ ಬಂದು ಅತ್ತೆಯ ಮುಖಕ್ಕೆ ಬೆಳಕು ಬಿಟ್ಟ. ಆಗ ನನಗೆ ನಿಜವಾದ ಆಘಾತವಾಯಿತು. ಸ್ವಂತ ತಾಯಿ ಸತ್ತಾಗಲೂ ಬಂದವರಿಗೆ ಚಹಾ ಕಾಸಿ ಕೊಟ್ಟಿದ್ದ ನನ್ನ ಅತ್ತೆಯ ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಹೋದರು.

ಮರಳುವ ಬಸ್ಸಿನಲ್ಲಿ ಅವರಿಬ್ಬರೂ ನಮ್ಮ ಮುಂದಿನ ಸೀಟಿನಲ್ಲಿದ್ದರು. ಊರು ದಾಟಿ ಬಹಳ ಹೊತ್ತಾದ ಮೇಲೆ ಮಾವ ತಾವಾಗಿಯೇ ಮಾತು ತೆಗೆದರು.

"ನಾ ಮುಂಬೈದಿಂದ ಬಂದ ದಿನ ನೀ ಬಾಗಲಾ ತಗದು, 'ಯಾರು ಬೇಕಾಗಿತ್ರಿ' ಅಂದಿದ್ದಿ."

ಅತ್ತೆ ಬೆಚ್ಚಿ ತಿರುಗಿದಳು. "ನಿಮಗ ನೆನಪೈತೇನು?"

"ಐತಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ, ನಾ ನಿನ್ನ ಗಂಡ ಅಂತ?"

"ಹೇಳಿದ್ರ ನಿನಗ ನಾಚಿಕಿ ಆಗ್ತಿತ್ತು. ಅದಕ್ಕ 'ಕುಡಿಯಾಕ ಚೂರು ನೀರು ಕೊಡ್ರಿ' ಅಂದ್ನಿ."

ನಮ್ಮವರು ಏನೋ ಕೇಳಲು ಬಾಯಿ ತೆರೆದರು. ನಾನು ತೊಡೆ ಚಿವುಟಿದೆ.

"ಒಳಗ ತಂಬಿಗಿ ತುಂಬೂವಾಗ ಧ್ವನಿಯ ಗುರ್ತು ಹತ್ತಿತು," ಅಂದಳು ಅತ್ತೆ. "ತಂಬಿಗಿ ಜಾರಿ ನೀರೆಲ್ಲಾ ಚೆಲ್ಲಿತು. ಮತ್ತ ತುಂಬಿಕೊಂಡ ಬಂದ್ನಿ."

"ಗೊತ್ತೈತಿ. ನಿನ್ನ ಸೀರಿ ಒದ್ದಿ ಆಗಿತ್ತು."

ಬಸ್ಸು ಒಂದು ಹಳ್ಳಿಯಲ್ಲಿ ನಿಂತು ಮತ್ತೆ ಹೊರಟಿತು. ಅತ್ತೆ ಕೈಯಲ್ಲಿದ್ದ ಟಿಕೇಟನ್ನು ಮಡಚುತ್ತ, ನಾನು ಎಂದೂ ಕೇಳಿರದ ಸಣ್ಣ ಧ್ವನಿಯಲ್ಲಿ ಹೇಳಿದಳು. "ಮರೀಬಾರದು ಅಂತ ದಿನಾ ನಿಮ್ಮ ಮಾರಿ ನೆನಸ್ತಿದ್ನಿರಿ. ನೆನಸಿ ನೆನಸಿ ಮಾರಿನ ಸವದು ಹೋತು."

ಮಾವ ಎದ್ದು, ಗಾಳಿ ಬರುವ ಕಿಟಕಿಯ ಕಡೆ ಅವಳನ್ನು ಕೂಡಿಸಿ, ತಾವು ಈಚೆ ಕೂತರು.