ಎರಡನೆಯ ಸಲ ಬಿದ್ದದ್ದು

ಗಂಡ ಹೆಂಡತಿ ಒಂದೇ ಮದುವೆಗೆ ಎರಡು ಬೇರೆ ಬೇರೆ ಗಾಡಿಗಳಲ್ಲಿ ಹೋದರೆ ಜನ ಸುಮ್ಮನಿರುವುದಿಲ್ಲ. ಇಬ್ಬರಿಗೂ ಜಗಳವಾಗಿದೆ ಎಂದುಕೊಳ್ಳುತ್ತಾರೆ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು, ಜಗಳಕ್ಕೆ ಒಂದು ಕೊನೆಯಾದರೂ ಇರುತ್ತದೆ. ನಮ್ಮ ಮನೆಯಲ್ಲಿ ಎರಡು ವರ್ಷ ನಡೆದದ್ದು ಜಗಳವಲ್ಲ. ನಾನು ಬೈಕಿನಲ್ಲಿ ಹೋಗುತ್ತಿದ್ದೆ, ನನ್ನ ಹೆಂಡತಿ ಗಿರಿಜಾ ಬಸ್ಸಿನಲ್ಲಿ ಬರುತ್ತಿದ್ದಳು, ಅಷ್ಟೆ. ಅವಳ ತವರು ಕಂಪ್ಲಿ. ಹೊಸಪೇಟೆಯಿಂದ ಅಲ್ಲಿಗೆ ಹೋಗುವಾಗ ನಾನು ಅವಳ ಬಸ್ಸಿನ ಹಿಂದೆಯೇ ಹೊಗೆ ಕುಡಿಯುತ್ತಾ ಸಾಗುತ್ತಿದ್ದೆ. ಪ್ರತಿ ಸ್ಟಾಪಿನಲ್ಲೂ ಅವಳು ಕಿಟಕಿಯಿಂದ ತಲೆ ಹೊರಹಾಕಿ ನಾನು ಬದುಕಿದ್ದೇನೆಯೇ ಎಂದು ನೋಡುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಕಂಪ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಇಳಿದ ಮೇಲೆ ಅವಳು ಮುಂದೆ ನಡೆದುಕೊಂಡು, ನಾನು ಹಿಂದೆ ಬೈಕನ್ನು ತಳ್ಳಿಕೊಂಡು ಮನೆ ಸೇರುತ್ತಿದ್ದೆವು. ಒಂದು ಸಲ ನನ್ನ ಮಾವನವರು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. "ಯಾಕ್ರಿ ಅಳಿಯಂದಿರ, ಹಿಂದಿನ ಸೀಟು ಹರದೈತೇನು?"

ಸೀಟು ಹರಿದಿರಲಿಲ್ಲ. ಎರಡು ವರ್ಷದಿಂದ ಯಾರೂ ಕೂರದೆ ಅದು ಹೊಸದರಂತೆ ಮಿನುಗುತ್ತಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ನೀರು ದಡ ಕೊಚ್ಚದಂತೆ ಕಾಲುವೆ ಎಲ್ಲಿ ತಿರುಗಬೇಕು, ಎಷ್ಟು ತಿರುಗಬೇಕು ಎಂಬುದನ್ನು ಇಪ್ಪತ್ತು ವರ್ಷದಿಂದ ಕಾಗದದ ಮೇಲೆ ಎಳೆಯುತ್ತಾ ಬಂದಿದ್ದೇನೆ. ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ. ಆದರೆ ನಲವತ್ತೈದು ದಾಟಿದ ಮೇಲೆ ಬೈಕು ಕೊಂಡದ್ದು ತಿರುವಿನ ಜ್ಞಾನದಿಂದಲ್ಲ. ಕಬ್ಬಿಣದ ಅದಿರಿಗೆ ಬೆಲೆ ಏರಿದ ಕಾಲವದು. ನಮ್ಮ ಓಣಿಯಲ್ಲಿ ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರ ಮನೆಯ ಮುಂದೆ ಇಂದು ಹೊಸ ಗಾಡಿ ನಿಂತಿರುತ್ತಿತ್ತು. ಸಂಡೂರಿನ ಕಡೆಯಿಂದ ಹಗಲೆಲ್ಲ ಲಾರಿಗಳು ಸಾಲಾಗಿ ಇಳಿಯುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಕೆಂಪು ಧೂಳಿಗೆ ಸಂಜೆಯೊಳಗೆ ಕಾವಿಯಾಗಿರುತ್ತಿತ್ತು. ಎಲ್ಲರೂ ಎಲ್ಲಿಗೋ ಜೋರಾಗಿ ಹೋಗುತ್ತಿರುವಾಗ ನಾನೊಬ್ಬ ಹಳೆಯ ಸ್ಕೂಟರಿನಲ್ಲಿ ಕುಂಟುವುದು ಸರಿಯಲ್ಲ ಎನ್ನಿಸಿ, ಕಪ್ಪು ಬಣ್ಣದ ದೊಡ್ಡ ಬೈಕೊಂದನ್ನು ತಂದೆ. ಗಿರಿಜಾ ಅದಕ್ಕೆ ಆರತಿ ಎತ್ತಿ, "ಜೋರು ಬಿಡಬ್ಯಾಡ್ರಿ" ಎಂದಷ್ಟೇ ಹೇಳಿದಳು.

ತಂದ ಆರು ತಿಂಗಳಿಗೆ ಬಿದ್ದೆವು. ಸಂಡೂರಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ ಮುಗಿಸಿಕೊಂಡು ಮಧ್ಯಾಹ್ನ ಹೊಸಪೇಟೆಗೆ ಮರಳುತ್ತಿದ್ದೆವು. ಗುಡ್ಡ ಇಳಿಯುವ ಒಂದು ತಿರುವಿನಲ್ಲಿ ಬೈಕು ಜಾರಿತು. ನನಗೆ ಮೊಣಕಾಲು ತರಚಿತು. ಗಿರಿಜಾಳ ಎಡಗೈಯ ಮಣಿಕಟ್ಟು ಮುರಿಯಿತು. ನೋಡಲು ಬಂದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ. ಲಾರಿಯಿಂದ ಅದಿರಿನ ಪುಡಿ ಚೆಲ್ಲಿತ್ತು, ಗಾಲಿ ಅದರ ಮೇಲೆ ಹೋಯಿತು. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆ ಕೆಮ್ಮು ಬಂದರೂ, ಗೋಡೆ ಬಿರಿದರೂ, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಕಾರಣ ಅದಿರೇ ಆಗಿರುತ್ತಿತ್ತು. ಬಹಳಷ್ಟು ಸಲ ಅದು ನಿಜವೂ ಆಗಿತ್ತು. ಹಾಗಾಗಿ ನನ್ನ ಮಾತಿಗೆ ಊರಿಗೆ ಊರೇ ಸಾಕ್ಷಿ ನಿಂತಿತು. ಕಚೇರಿಯ ಗೆಳೆಯರು ಲಾರಿಯವರನ್ನು ನನಗಿಂತ ಜೋರಾಗಿ ಬೈದರು.

ನಿಜವಾಗಿ ನಡೆದದ್ದು ಬೇರೆ. ತಿರುವಿಗೆ ಸ್ವಲ್ಪ ಮುಂಚೆ ಹೊಸ ಕೆಂಪು ಬೈಕಿನವನೊಬ್ಬ ಕೂಗು ಹಾಕುತ್ತಾ ನನ್ನನ್ನು ದಾಟಿ ಹೋದ. ಹೋಗುವವನು ಸುಮ್ಮನೆ ಹೋಗಲಿಲ್ಲ, ಹಿಂತಿರುಗಿ ನೋಡಿ ನಕ್ಕ. ನನ್ನ ಬಲಗೈ ನನ್ನ ಮಾತು ಕೇಳದೆ ಆಕ್ಸಿಲರೇಟರನ್ನು ತಿರುವಿತು. ರಸ್ತೆಯಲ್ಲಿ ಪುಡಿ ಇತ್ತು, ಸುಳ್ಳಲ್ಲ. ಆದರೆ ಅದು ಎಲ್ಲ ದಿನವೂ ಇರುತ್ತಿತ್ತು, ನಾನು ದಿನವೂ ಬೀಳುತ್ತಿರಲಿಲ್ಲ.

ಕೈ ಕೂಡಿತು, ಆದರೆ ಸರಿಯಾಗಿ ಮಡಚಲು ಬರಲಿಲ್ಲ. ಗಿರಿಜಾ ಬಡಿದ ಜೋಳದ ರೊಟ್ಟಿ ನಮ್ಮ ಬಳಗದಲ್ಲಿ ಹೆಸರುವಾಸಿ. ಹಪ್ಪಳದಷ್ಟು ತೆಳು, ಸುತ್ತ ಒಂದು ಬಿರುಕಿಲ್ಲ. ರೊಟ್ಟಿಗೆ ಎರಡೂ ಕೈ ಬೇಕು, ಒಂದು ತಿರುಗಿಸಬೇಕು, ಇನ್ನೊಂದು ಬಡಿಯಬೇಕು. ಒಂದು ದಿನ ಅಡುಗೆಮನೆಯಿಂದ ಬಡಿಯುವ ಸದ್ದು ಕೇಳಿ ನನಗೆ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಹೋಗಿ ನೋಡಿದರೆ ಹರಿದ ರೊಟ್ಟಿಯನ್ನು ಮತ್ತೆ ಹಿಟ್ಟಿಗೆ ಸೇರಿಸಿ ನಾದುತ್ತಿದ್ದಳು. ಮರುದಿನದಿಂದ ನಮ್ಮ ಮನೆಗೆ ಪಕ್ಕದ ಓಣಿಯಿಂದ ರೊಟ್ಟಿ ಕೊಂಡು ತರುವುದು ಶುರುವಾಯಿತು. ಅವಳು ನನ್ನನ್ನು ದೂರಲಿಲ್ಲ. ಬೈಕಿನ ಹಿಂದೆ ಮಾತ್ರ ಕೂರಲಿಲ್ಲ. "ನನಗ ಬಸ್ ಆಕೈತಿ" ಎನ್ನುತ್ತಿದ್ದಳು.

ಪಾಪ, ಹೆದರಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ನನ್ನ ಸವಾರಿಯ ಮೇಲೆ ಅವಳಿಗೆ ನಂಬಿಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಆಗ ಸಿಕ್ಕಿದ್ದು ಮೆಕ್ಯಾನಿಕ್ ಮಾಬುಸಾಬರ ಅಂಗಡಿಯ ಗೋಡೆಯ ಮೇಲಿನ ಚೀಟಿ. "ಬೈಕ್ ಟ್ರ್ಯಾಕ್ ಡೇ. ಪೈಪೋಟಿ ಅಲ್ಲ, ಅಭ್ಯಾಸ. ದಿನಾ ಓಡಿಸೋ ಗಾಡಿ ತರ್ರಿ. ಹೆಲ್ಮೆಟ್ ಇಲ್ಲದವರು ಬರಬ್ಯಾಡ್ರಿ." ಮಾಬುಸಾಬರು ವಯಸ್ಸಿನಲ್ಲಿದ್ದಾಗ ರೇಸಿನಲ್ಲಿ ಓಡಿಸಿದವರು. ಆ ವರ್ಷ ನಮ್ಮ ರಸ್ತೆಗಳಲ್ಲಿ ಬಿದ್ದ ಬೈಕುಗಳೆಲ್ಲ ರಿಪೇರಿಗೆ ಅವರ ಅಂಗಡಿಗೇ ಬರುತ್ತಿದ್ದವು. ಗಾಡಿ ರಿಪೇರಿ ಮಾಡಿ ಮಾಡಿ ಬೇಸತ್ತು, ಓಡಿಸುವವರನ್ನೇ ರಿಪೇರಿ ಮಾಡಲು ಹೊರಟಿದ್ದರು. ಅದಿರು ರಾಶಿ ಹಾಕಲೆಂದು ಕಾಂಕ್ರೀಟು ಹಾಸಿ, ಬಳಸದೇ ಬಿಟ್ಟಿದ್ದ ಒಂದು ದೊಡ್ಡ ಯಾರ್ಡು ಊರ ಹೊರಗಿತ್ತು. ಅದರ ಮಾಲೀಕರನ್ನು ಕೇಳಿ ಒಂದು ಭಾನುವಾರಕ್ಕೆ ಪಡೆದಿದ್ದರು. ನಾನು ಹೆಸರು ಬರೆಸಿ ಬಂದೆ. "ನೀನೂ ಬಂದು ನೋಡು ಗಿರಿಜಾ" ಎಂದೆ. ಅವಳು ಒಪ್ಪಿದಳು. ಬಸ್ಸಿನಲ್ಲಿ ಬಂದಳು.

ಯಾರ್ಡಿನಲ್ಲಿ ಸುಣ್ಣದಿಂದ ದಾರಿ ಎಳೆದಿದ್ದರು. ಆರು ತಿರುವು. ತಿರುವಿನ ಹೊರಬದಿಗೆ ಕಂಪ್ಲಿಯ ಗದ್ದೆಗಳಿಂದ ತರಿಸಿದ ಭತ್ತದ ಹುಲ್ಲಿನ ಕಟ್ಟುಗಳನ್ನು ಜೋಡಿಸಿದ್ದರು. ಹಿಂದಿನ ಸಂಜೆ ಟ್ಯಾಂಕರಿನಿಂದ ನೀರು ಬಿಟ್ಟು ಇಡೀ ನೆಲವನ್ನು ತೊಳೆಸಿದ್ದರು. ಅಂಥ ಶುಚಿಯಾದ ನೆಲವನ್ನು ನಮ್ಮ ಕಡೆ ಆಗ ದೇವಸ್ಥಾನದಲ್ಲೂ ಕಾಣುವಂತಿರಲಿಲ್ಲ. ಹದಿನೈದು ಮಂದಿ ಬಂದಿದ್ದೆವು. ಅವರಲ್ಲಿ ಒಬ್ಬರು ಸಾವಿತ್ರಮ್ಮ, ಕುರೆಕುಪ್ಪದ ಕಡೆ ಹಳ್ಳಿಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಾ ತಿರುಗುವ ನರ್ಸು. ಐವತ್ತು ದಾಟಿದವರು, ಸೀರೆಯ ಮೇಲೆ ಗಂಡನ ಹಳೆಯ ಜರ್ಕಿನ್ ಹಾಕಿ ಸ್ಕೂಟರಿನಲ್ಲಿ ಬಂದಿದ್ದರು. ನಾನು ಅವರನ್ನು ನೋಡಿ, ಕೊನೆಗೆ ಬರುವುದು ನಾನಲ್ಲ ಎಂದು ನೆಮ್ಮದಿಪಟ್ಟೆ.

ಮಾಬುಸಾಬರು ಮೊದಲು ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ಅವರ ದನಿ ಮೆತ್ತಗೆ, ಮಾತು ಕಡಿಮೆ. "ಒಬ್ಬೊಬ್ಬರ ಹೇಳ್ರಿ. ಯಾವಾಗ ಬಿದ್ರಿ, ಯಾಕ ಬಿದ್ರಿ?" ಎಂದರು. ಒಬ್ಬ ಫೋನು ನೋಡುತ್ತಿದ್ದೆ ಎಂದ. ಒಬ್ಬ ನಾಯಿ ಎಂದ. ಸಾವಿತ್ರಮ್ಮ, "ನಿದ್ದಿ ಬಂದಿತ್ತು ಸಾಬ್ರ, ಮೂರು ಊರು ತಿರುಗಿದ್ದೆ" ಎಂದರು. ನನ್ನ ಸರದಿ ಬಂತು. ಗಿರಿಜಾ ಪೆಂಡಾಲಿನ ಕೆಳಗೆ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. "ಅದಿರಿನ ಪುಡಿ" ಎಂದೆ. ಮಾಬುಸಾಬರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ಮುಂದಿನವನ ಕಡೆ ತಿರುಗಿದರು.

ಆಮೇಲೆ ಪಾಠ. "ಸಾರ್, ಗಾಡಿ ನೀವು ನೋಡಿದ ಕಡಿಗೆ ಹೊಕ್ಕೈತಿ. ಹುಲ್ಲು ನೋಡಿದ್ರ ಹುಲ್ಲಿಗೆ, ದಾರಿ ನೋಡಿದ್ರ ದಾರಿಗೆ. ಬಾಜೂಕ ಯಾರು ಹೊಂಟಾರ ಅಂತ ನೋಡಬ್ಯಾಡ್ರಿ." ಮೊದಲ ಮೂರು ಸುತ್ತು ನಾನು ಚೆನ್ನಾಗಿಯೇ ಹೋದೆ. ತಿರುವಿಗೆ ಮೊದಲೇ ವೇಗ ಇಳಿಸಿದೆ, ತಿರುವಿನ ಆಚೆ ನೋಡಿದೆ, ಬೈಕು ತಾನಾಗಿಯೇ ವಾಲಿತು. ಇಷ್ಟು ಸುಲಭವೇ ಎನ್ನಿಸಿತು. ಪೆಂಡಾಲಿನ ಮುಂದೆ ಹಾಯುವಾಗ ಗಿರಿಜಾಳ ಕಡೆ ಒಂದು ಕೈ ಎತ್ತಿದೆ. ಅವಳೂ ಸರಿಯಿರುವ ಕೈಯನ್ನು ಎತ್ತಿದಳು. ಎರಡು ವರ್ಷದಲ್ಲಿ ಅಷ್ಟು ಹಗುರವಾಗಿ ಬೈಕು ಓಡಿಸಿದ ನೆನಪು ನನಗಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಬಲಗಡೆಯಿಂದ ಒಂದು ಸ್ಕೂಟರ್ ಸದ್ದು ಕೇಳಿತು. ಸಾವಿತ್ರಮ್ಮ. ನನ್ನ ಕಡೆ ನೋಡಲೂ ಇಲ್ಲ, ನಗಲೂ ಇಲ್ಲ. ಮುಂದಿನ ಹಳ್ಳಿಯಲ್ಲಿ ಕೂಸುಗಳು ಕಾಯುತ್ತಿವೆ ಎಂಬಂತೆ ದಾರಿಯನ್ನೇ ನೋಡುತ್ತಾ, ತಿರುವಿನ ಒಳಬದಿಯಿಂದ ನುಣ್ಣಗೆ ದಾಟಿ ಹೋದರು. ಅವರ ಸೆರಗು ಜರ್ಕಿನ್ನಿನ ಕೆಳಗಿನಿಂದ ಒಂದು ಚೂರು ಹೊರಬಂದು ಹಾರಾಡುತ್ತಿತ್ತು. ನಾನು ಅದನ್ನೇ ನೋಡಿದೆ. ನನ್ನ ಬಲಗೈ ಮತ್ತೆ ತಿರುವಿತು. ಮಾಬುಸಾಬರು ಹೇಳಿದ್ದು ಅಕ್ಷರಶಃ ನಿಜವಾಯಿತು, ಬೈಕು ನಾನು ನೋಡಿದ ಕಡೆಗೇ ಹೋಯಿತು. ಸೆರಗು ತಿರುವಿನಲ್ಲಿ ತಿರುಗಿತು, ಕಣ್ಣೆದುರು ಹುಲ್ಲು ಉಳಿಯಿತು, ನಾನು ತಿರುಗಲಿಲ್ಲ. ಕಂಪ್ಲಿಯ ಹುಲ್ಲು ತನ್ನ ಊರಿನ ಅಳಿಯನನ್ನು ಎರಡೂ ಕೈಯಲ್ಲಿ ಬರಮಾಡಿಕೊಂಡಿತು.

ಕಣ್ಣು ಬಿಟ್ಟಾಗ ಗಿರಿಜಾ ಓಡಿ ಬರುತ್ತಿದ್ದಳು. ಅವಳು ಓಡಿದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ಚಪ್ಪಲಿ ಎಲ್ಲೋ ಬಿಟ್ಟಿದ್ದಳು. "ಕೈ ತೋರಸ್ರಿ, ಕೈ ತೋರಸ್ರಿ" ಎನ್ನುತ್ತಾ ನನ್ನ ಎರಡೂ ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಏನೂ ಆಗಿರಲಿಲ್ಲ. ಮೊಣಕೈ ತರಚಿತ್ತು. ಅಷ್ಟರಲ್ಲಿ ಸಾವಿತ್ರಮ್ಮ ಸ್ಕೂಟರ್ ನಿಲ್ಲಿಸಿ ಸೀಟಿನ ಕೆಳಗಿನ ಡಿಕ್ಕಿಯಿಂದ ಹತ್ತಿಯನ್ನೂ ಔಷಧಿಯನ್ನೂ ತಂದರು. ನನ್ನನ್ನು ಹಿಂದೆ ಹಾಕಿದವರೇ ನನ್ನ ಮೊಣಕೈ ಒರೆಸತೊಡಗಿದರು. "ಸ್ವಲ್ಪ ಉರಿತೈತ್ರಿ, ತಡಕೋರಿ" ಎಂದರು. ಹೌದು, ಉರಿಯಿತು.

ಪಟ್ಟಿ ಕಟ್ಟಿ ಅವರು ಆಚೆ ಹೋದ ಮೇಲೆ ಗಿರಿಜಾ ಆ ತೊಳೆದ ಕಾಂಕ್ರೀಟನ್ನು ಒಮ್ಮೆ ನೋಡಿದಳು. ನನ್ನನ್ನು ನೋಡಿದಳು. ಮೆಲ್ಲಗೆ ಕೇಳಿದಳು. "ಇಲ್ಲೂ ಪುಡಿ ಬಿದ್ದಿತ್ತೇನ್ರಿ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ನಾನು ಸಿಟ್ಟು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅಲ್ಲೇ ಹುಲ್ಲಿನ ಮೇಲೆ ಕೂತು ಕೆಂಪು ಬೈಕಿನವನ ಕತೆಯನ್ನು ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿದಳು.

"ನನಗ ಗೊತ್ತಿತ್ತು" ಎಂದಳು. "ನಿಮ್ಮ ಹೆಗಲ ಮ್ಯಾಲೆ ಕೈ ಇಟ್ಟು ಕುಂತಿದ್ದೆ. ಅವ ದಾಟಿದ ಕೂಡ್ಲೆ ನಿಮ್ಮ ಹೆಗಲು ಬಿಗಿ ಆತು. 'ಬ್ಯಾಡ್ರಿ' ಅಂತ ಕೂಗಿದೆ. ಗಾಳಿ ಇತ್ತು, ನಿಮಗ ಕೇಳಿರಲಿಕ್ಕಿಲ್ಲ."

ಎರಡು ವರ್ಷ ತನಗೆ ತಾನೇ ಹೀಗೆ ಹೇಳಿಕೊಂಡು ಬಂದಿದ್ದಳು ಎಂಬುದು ಆಗ ನನಗೆ ತಿಳಿಯಿತು. 'ಹೌದು, ಕೇಳಲಿಲ್ಲ' ಎಂದು ನಾನು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು.

"ಕೇಳಿತ್ತು" ಎಂದೆ.

ಅವಳು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಎದ್ದು, ಚಪ್ಪಲಿ ಹುಡುಕಿ ಹಾಕಿಕೊಂಡು, ರಸ್ತೆಗೆ ನಡೆದು ಬಸ್ಸು ಹತ್ತಿದಳು. ನಾನು ಬಗ್ಗಿದ ಹ್ಯಾಂಡಲಿನ ಬೈಕಿನಲ್ಲಿ ಬಸ್ಸಿನ ಹಿಂದೆ ಹೋದೆ. ಅಂದು ಯಾವ ಸ್ಟಾಪಿನಲ್ಲೂ ಅವಳು ಕಿಟಕಿಯಿಂದ ತಲೆ ಹೊರಹಾಕಲಿಲ್ಲ.

ಮುಂದಿನ ಕೆಲವು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ನಾನು ಹ್ಯಾಂಡಲು ಸರಿಮಾಡಿಸಲು ಹೋದಾಗ ಮಾಬುಸಾಬರಿಗೂ ನಿಜ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಡದೆ, "ಆವಾಗ ನಿಮ್ಮ ಗಾಡಿ ರಿಪೇರಿಗೆ ಬಂದಾಗ್ಲೇ ಗೊತ್ತಾಗಿತ್ತು ಸಾರ್. ಪುಡಿಗೆ ಜಾರಿದ ಗಾಡಿ ಬ್ಯಾರೆ ಥರ ಬಗ್ಗಿರ್ತೈತಿ" ಎಂದರು. ಮುಂದಿನ ಟ್ರ್ಯಾಕ್ ಡೇಗೆ ಒಬ್ಬನೇ ಹೋದೆ. ಉಳಿದ ಹದಿನಾಲ್ಕು ಮಂದಿಯೂ ನನ್ನನ್ನು ದಾಟಿದರು, ಕೆಲವರು ಎರಡೆರಡು ಸಲ. ನಾನು ದಾರಿಯನ್ನೇ ನೋಡಿದೆ. ಮನೆಗೆ ಬಂದು ಹಾಗೆಯೇ ಹೇಳಿದೆ. ಗಿರಿಜಾ ತಟ್ಟೆಗೆ ಅನ್ನ ಬಡಿಸುತ್ತಾ ಕೇಳಿಸಿಕೊಂಡಳು.

ಇದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಬಂದು ಬೈಕಿನ ಪಕ್ಕ ನಿಂತಳು. "ಕಂಪ್ಲಿಗೆ ಹೋಗಬೇಕು. ನಾ ಬ್ಯಾಡ ಅಂದ್ರ ಬ್ಯಾಡ. ತಿಳೀತೇನ್ರಿ?" ಎಂದಳು. ತಿಳಿಯಿತು ಎಂದೆ. ಹಿಂದೆ ಕೂತು ನನ್ನ ಹೆಗಲ ಮೇಲೆ ಎಡಗೈ ಇಟ್ಟಳು. ಅದರ ಭಾರ ಮೊದಲಿನಂತಿರಲಿಲ್ಲ, ಬೆರಳುಗಳು ಅರ್ಧಕ್ಕೇ ಮಡಚಿ ನಿಲ್ಲುತ್ತಿದ್ದವು.

ಮೂವತ್ತರ ವೇಗ. ಎರಡೂ ಬದಿಗೆ ಕಬ್ಬು, ಭತ್ತ. ನಮ್ಮನ್ನು ಬಸ್ಸು ದಾಟಿತು, ಕಬ್ಬಿನ ಟ್ರ್ಯಾಕ್ಟರು ದಾಟಿತು, ಕಾಲೇಜಿನ ಹುಡುಗಿಯರ ಸ್ಕೂಟರು ದಾಟಿತು. ನನ್ನ ಹೆಗಲು ಬಿಗಿಯಾಗಲಿಲ್ಲ. ಎಂಥ ಶಾಂತ ಮನುಷ್ಯನಾಗಿಬಿಟ್ಟೆ ನಾನು ಎನ್ನಿಸಿತು. ಆಗ ಮುಂದೆ ಒಬ್ಬ ಮುದುಕ ಕಂಡ. ಮೊಪೆಡ್ಡಿನ ಮೇಲೆ ಎರಡು ಹೊರೆ ಹಸಿಹುಲ್ಲು ಹೇರಿಕೊಂಡು ನನಗಿಂತ ನಿಧಾನವಾಗಿ, ನನಗಿಂತ ಶಾಂತವಾಗಿ ಹೋಗುತ್ತಿದ್ದ. ಅವನನ್ನು ನಾನು ದಾಟಿದರೆ ಇಷ್ಟು ಹೊತ್ತು ಗಳಿಸಿದ್ದೆಲ್ಲ ಹೋಗುತ್ತದೆ. ವೇಗ ಇಪ್ಪತ್ತಕ್ಕೆ ಇಳಿಸಿದೆ. ಅವನೂ ಇಳಿಸಿದ. ಹದಿನೈದಕ್ಕೆ ಇಳಿಸಿದೆ. ಅವನು ಏರಿನಲ್ಲಿ ಇನ್ನೂ ನಿಧಾನವಾದ. ಸೋಲುವುದಿಲ್ಲ ಎಂದು ಹಲ್ಲು ಕಚ್ಚಿ ಇನ್ನಷ್ಟು ಇಳಿಸಿದೆ. ಬೈಕು ಎರಡು ಸಲ ಕೆಮ್ಮಿ ರಸ್ತೆಯ ನಡುವೆ ನಿಂತಿತು.

"ಯಾಕ ನಿಂತ್ರಿ?" ಎಂದಳು ಗಿರಿಜಾ.

"ಪೆಟ್ರೋಲು ಮುಗಿದಂಗೈತಿ" ಎಂದೆ. ಹಿಂದಿನ ಸಂಜೆ ಟ್ಯಾಂಕು ತುಂಬಿಸುವಾಗ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಅವಳು ಮೆಲ್ಲಗೆ ಕೆಳಗಿಳಿದು, ಸೆರಗು ಸರಿಮಾಡಿಕೊಂಡು, ಹೊಸಪೇಟೆಯ ಕಡೆಯಿಂದ ಮುಂದಿನ ಬಸ್ಸು ಬರುತ್ತಿದೆಯೇ ಎಂದು ಕೈ ಅಡ್ಡ ಹಿಡಿದು ನೋಡಿದಳು. ಈ ಸಲ ನಿಜ ಹೇಳಲು ನನಗೆ ಎರಡು ವರ್ಷ ಬೇಕಾಗಲಿಲ್ಲ. ಬಸ್ಸು ಕಣ್ಣಿಗೆ ಬೀಳುವಷ್ಟರಲ್ಲಿ ಪೂರ್ತಿ ಹೇಳಿ ಮುಗಿಸಿದೆ.