ಚಿತ್ರಕ್ಕೆ ಬೇಕಾದಷ್ಟು ದೂರ

ಪ್ರಕೃತಿಚಿತ್ರ ಬರೆಯುವವರನ್ನು ಮದುವೆಯಾದರೆ ಏನೇನು ಅನುಭವಿಸಬೇಕಾಗುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಹೆಣ್ಣು ನೋಡಲು ಹೋದಾಗ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಬೆನ್ನು ಮುಂದಾಗಿ ನಡೆಯುವ ಅಭ್ಯಾಸವಿದೆಯೇ ಎಂದು ವಿಚಾರಿಸಿದವರನ್ನು ನಾನು ಕಂಡಿಲ್ಲ. ನಾನೂ ವಿಚಾರಿಸಲಿಲ್ಲ. ಈಗ ಕಚೇರಿಯಲ್ಲಿ ಕುಳಿತು ಪಂಪಿನ ನಕ್ಷೆ ನೋಡುತ್ತಿರುವಾಗಲೂ ನನ್ನ ಕಣ್ಣೆದುರು ಒಂದು ಹವಾಯಿ ಚಪ್ಪಲಿಯ ಹಿಮ್ಮಡಿ ಬಂದು ನಿಲ್ಲುತ್ತದೆ. ಅದರ ಹಿಂದೆ ನೆಲವಿಲ್ಲ.

ನನ್ನ ಹೆಂಡತಿ ಸುಮತಿ ಕೊಯಮತ್ತೂರಿನ ಸುತ್ತಲಿನ ಬೆಟ್ಟ, ತೋಟ, ಬಯಲುಗಳನ್ನು ಜಲವರ್ಣದಲ್ಲಿ ಬರೆಯುತ್ತಾಳೆ. ಜನ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗಗಳು ಅವಳಿಗೆ ಬೇಡ. ಮದುಕ್ಕರೈ ರಸ್ತೆಯ ಬದಿಯಲ್ಲಿ ಧೂಳು ಕೂತು ಬೂದುಬಣ್ಣಕ್ಕೆ ತಿರುಗಿದ ಬೇವಿನ ಎಲೆಗಳ ಮೇಲೆ ಮೊದಲ ಮಳೆ ಬಿದ್ದು, ಅರ್ಧ ತೊಳೆದು, ಅರ್ಧ ಬಿಟ್ಟುಹೋದಾಗ ಹುಟ್ಟುವ ಒಂದು ಹಸಿರಿದೆಯಂತೆ; ಅದಕ್ಕಾಗಿ ಸ್ಕೂಟರು ನಿಲ್ಲಿಸಿ ನನ್ನನ್ನು ಬಿಸಿಲಿನಲ್ಲಿ ಒಣಗಿಸಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಹಸಿರು ಬಣ್ಣವೇ ಇಲ್ಲ. ಹಳದಿ, ನೀಲಿ ಬೆರೆಸಿ, ಒಂದು ಚೂರು ಕೆಂಪು ಸೇರಿಸಿ, ಪ್ರತಿ ಸಲವೂ ಹೊಸದಾಗಿ ಮಾಡಿಕೊಳ್ಳುತ್ತಾಳೆ. ಇದೆಲ್ಲ ಸರಿಯೇ. ತೊಂದರೆಯಿರುವುದು ಆಮೇಲೆ. ಒಂದಿಷ್ಟು ಬಣ್ಣ ಹಚ್ಚಿದ ಮೇಲೆ ಕಣ್ಣನ್ನು ಅರ್ಧ ಮುಚ್ಚಿಕೊಂಡು, ಚಿತ್ರದ ಮೇಲಿನ ನೋಟ ಕದಲಿಸದೆ, ಹಿಂದಕ್ಕೆ ನಡೆಯತೊಡಗುತ್ತಾಳೆ. ಹಾಗೆ ನೋಡಿದರೆ ಎಲೆಗಿಲೆ ಎಲ್ಲ ಅಳಿಸಿಹೋಗಿ ಬೆಳಕು, ನೆರಳು ಮಾತ್ರ ಉಳಿಯುತ್ತದಂತೆ. ಚಿತ್ರದ ತಪ್ಪು ಸಿಗುವವರೆಗೆ ಹೋಗುತ್ತಲೇ ಇರುತ್ತಾಳೆ. ಮನೆಯಲ್ಲಿ ಹೀಗೆ ನೆನೆಹಾಕಿದ ಅಕ್ಕಿಯ ಪಾತ್ರೆಯಲ್ಲಿ ಕಾಲಿಟ್ಟಿದ್ದಾಳೆ, ಸೋಫಾದಲ್ಲಿ ಮಲಗಿದ್ದ ನನ್ನ ಮಾವನ ಮೇಲೆ ಕೂತಿದ್ದಾಳೆ. "ನೋಡಿಕೊಂಡು ನಡಿಯೇ" ಎಂದು ಕೂಗಿದರೆ, "ಇರಿ ಇರಿ, ದೂರ ಹೋದ್ರೆ ತಾನೇ ತೆರಿಯೋದು?" ಎನ್ನುತ್ತಾ ಇನ್ನೊಂದು ಹೆಜ್ಜೆ ಹಿಂದಿಡುತ್ತಾಳೆ. ಅವಳ ತಮಿಳು ಬೆರೆತ ಕನ್ನಡದಲ್ಲಿ ಕಾಣುವುದೆಂದರೆ ತೆರಿಯುವುದು. ಕೂಗಿದಾಗಲೆಲ್ಲ ಒಂದು ಹೆಜ್ಜೆ.

ಆ ಭಾನುವಾರ ನಾವು ತೊಂಡಾಮುತ್ತೂರಿನ ಹತ್ತಿರ ಮಾರಕ್ಕನ ತೋಟಕ್ಕೆ ಹೋಗಿದ್ದೆವು. ಮಾರಕ್ಕ ಸುಮತಿಯ ತಾಯಿಯ ಕಡೆಯಿಂದ ದೂರದ ನೆಂಟಳು. ಸಾಂಬಾರ್ ಈರುಳ್ಳಿ ಬೆಳೆಯುತ್ತಾಳೆ, ಮಾತನ್ನೂ ಬೆಳೆಯುತ್ತಾಳೆ. ಅವಳ ತೋಟದ ಬಾವಿ ಈ ಕಡೆಯ ಎಲ್ಲ ತೋಟದ ಬಾವಿಗಳ ಹಾಗೆ: ಬಂಡೆ ಸೀಳಿ ತೋಡಿದ್ದು, ಮದುವೆ ಛತ್ರದಷ್ಟು ಅಗಲ, ಸುತ್ತ ಕಟ್ಟೆಯಿಲ್ಲ. ನಡೆಯುತ್ತಾ ನಡೆಯುತ್ತಾ ನೆಲ ಮುಗಿದುಹೋಗುತ್ತದೆ, ಅಷ್ಟೇ. ಹೋದ ತಕ್ಷಣ ನಾನೇ ಅದರ ಅಂಚಿನಲ್ಲಿ ನಿಂತು, ಅಷ್ಟು ಕೆಳಗಿನಿಂದ ನೀರೆತ್ತಲು ಎಂಥ ಮೋಟಾರು ಬೇಕೆಂದು ಸುಮತಿಗೆ ಪಾಠ ಮಾಡಿದ್ದೆ. ಅವಳು ಕೇಳಲಿಲ್ಲ. ಅವಳ ಗಮನವೆಲ್ಲ ಬೆಟ್ಟದ ಮೇಲೆ ತೆವಳುತ್ತಿದ್ದ ಮೋಡದ ನೆರಳಿನ ಮೇಲಿತ್ತು. ಬೆಟ್ಟಕ್ಕೆ ಮುಖಮಾಡಿ, ಬಾವಿಗೆ ಬೆನ್ನುಮಾಡಿ ಚಿತ್ರದ ಹಲಗೆ ನಿಲ್ಲಿಸಿದಳು. ನಡುವೆ ಬೇಕಾದಷ್ಟು ಜಾಗವಿತ್ತು. ಬೇಕಾದಷ್ಟು ಎಂದು ನಾನು ಅಂದುಕೊಂಡಿದ್ದೆ.

ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸುತ್ತಾ ತಲೆಯೆತ್ತಿದರೆ ಸುಮತಿ ಹಿಂದೆ ಬರುತ್ತಿದ್ದಾಳೆ. ಕುಂಚ ಕೈಯಲ್ಲಿ, ಕಣ್ಣು ಅರ್ಧ ಮುಚ್ಚಿದೆ. ಈರುಳ್ಳಿ ಪಾತಿ ದಾಟಿದಳು. ಪಂಪಿನ ಪೈಪು ದಾಟಿದಳು. ಆಗ ಅವಳ ಹಿಂದೆ ಉಳಿದದ್ದು ಗಾಳಿ ಮಾತ್ರ. ಕೂಗಬೇಕು. ಕೂಗಿದರೆ ಇನ್ನೊಂದು ಹೆಜ್ಜೆ. ಓಡಿದರೂ ತಲುಪುವುದಿಲ್ಲ. ಹೀಗೆಲ್ಲ ವಿವೇಕದಿಂದ ಆಲೋಚಿಸಿ ಸುಮ್ಮನಿದ್ದೆ ಎಂದು ಆಮೇಲೆ ಹಲವರಿಗೆ ಹೇಳಿದ್ದೇನೆ. ಅಸಲಿಗೆ ನಾನು ಆಲೋಚಿಸಲೇ ಇಲ್ಲ, ಕಾಫಿ ಬಗ್ಗಿಸುತ್ತಲೇ ಇದ್ದೆ. ಮಾರಕ್ಕನೂ ಮಂಚದ ಮೇಲೆ ಈರುಳ್ಳಿ ಸುಲಿಯುತ್ತಿದ್ದವಳು ಬಾಯಿಗೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದಳು. ಸುಮತಿಯ ಹಿಮ್ಮಡಿ ಅಂಚಿಗೆ ಬಂತು. ಒಂದು ಕಲ್ಲು ಉರುಳಿತು. ಅದು ನೀರಿಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂದ ಹಾಗಾಯಿತು. ಅಷ್ಟರಲ್ಲಿ ಸುಮತಿ, "ಹಾಂ! ಬೆಟ್ಟ ಮುಂದಕ್ಕೆ ಬಂದ್ಬಿಟ್ಟಿದೆ. ನೀಲಿ ಪೋದಲಿಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಸರಸರ ಮುಂದೆ ನಡೆದು, ಬೆಟ್ಟಕ್ಕೆ ಸಾಲದಿದ್ದ ನೀಲಿ ಹಚ್ಚತೊಡಗಿದಳು.

ಮೊದಲು ಬಾಯಿ ಬಂದದ್ದು ಮಾರಕ್ಕನಿಗೆ. "ಅಯ್ಯೋ ಕಣ್ಣು! ಅದು ಕೆಣರು ಕಣೇ, ಬಾವಿ! ನಿಮ್ಮನೆ ಮುಂದಿನ ವಾಸಲು ಅಂದ್ಕೊಂಡ್ಯಾ? ತಿರುಗಿ ನೋಡು, ಎಲ್ಲಿ ನಿಂತಿದ್ದೆ ಅಂತ!" ಆಮೇಲೆ ನನ್ನ ಕಡೆ ತಿರುಗಿದಳು. "ನೀವೇನುಂಗ ಸಾರ್, ಕಲ್ಲು ಮಾದಿರಿ ನಿಂತ್ರಲ್ಲ? ಪಂಪು ಇಂಜಿನಿಯರ್ ತಾನೇ, ಬಿದ್ದ್ಮೇಲೆ ಮೋಟಾರ್ ಇಟ್ಟು ಎತ್ತೋಣ ಅಂತಿದ್ರಾ?"

ಸುಮತಿ ಹೋಗಿ ಅಂಚಿನಲ್ಲಿ ಮೂಡಿದ್ದ ತನ್ನದೇ ಚಪ್ಪಲಿಯ ಗುರುತು ನೋಡಿದಳು. ಅರ್ಧ ಗುರುತು. ಬಂದು ಮಂಚದ ಮೇಲೆ ಕೂತು ಕಾಫಿ ಕೇಳಿದಳು. ಕಾಫಿಯಷ್ಟೂ ನನ್ನ ಪಾದಗಳ ಮೇಲಿತ್ತು. ಸುಟ್ಟದ್ದು ಆಗ ಗೊತ್ತಾಯಿತು. ತುಂಬ ಹೊತ್ತು ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಕೊನೆಗೆ, "ಆದ್ರೂ ಅಷ್ಟು ದೂರ ಹೋದದ್ದಕ್ಕೇ ತಪ್ಪು ತೆರಿದದ್ದು" ಅಂದಳು.

ನನ್ನನ್ನು ಕಾಡುತ್ತಿರುವುದು ಆ ಮಾತೇ. ಅವಳು ನಿಂತದ್ದು ಬಾವಿ ಕಂಡು ಅಲ್ಲ, ತಪ್ಪು ಕಂಡು. ತಪ್ಪು ಇನ್ನೂ ಸ್ವಲ್ಪ ಸೂಕ್ಷ್ಮವಾಗಿದ್ದರೆ? ಈ ಯೋಚನೆ ಬಂದಾಗಲೆಲ್ಲ ನಾನು ಪಂಪಿನ ನಕ್ಷೆ ಮಡಿಚಿಟ್ಟು ನೀರು ಕುಡಿಯುತ್ತೇನೆ. ಮನೆಯಲ್ಲೇ ಕೂತು ಫೋನಿನ ಫೋಟೋ ನೋಡಿ ಬರೆ ಎಂದು ಬೇಡಿಕೊಂಡೆ. "ಫೋನಿಗೆ ಬೆಟ್ಟಾನೂ ಒಂದೇ, ಕರೆಂಟ್ ಕಂಬಾನೂ ಒಂದೇ. ನಂಗೆ ಹಾಗಲ್ಲ" ಅಂದಳು. ಆದ್ದರಿಂದ ನಾನು ಬೇರೆ ದಾರಿ ಹಿಡಿದೆ. ಚಿತ್ರದಲ್ಲಿ ತಪ್ಪಿಲ್ಲವೆಂದರೆ ಹುಡುಕಿಕೊಂಡು ಹಿಂದೆ ಹೋಗುವುದೇಕೆ? ಅವಳು ಕುಂಚ ಎತ್ತಿದ ಕೂಡಲೇ "ಚೆನ್ನಾಗಿದೆ!" ಎನ್ನತೊಡಗಿದೆ. "ಇನ್ನೂ ಕಾಗದಕ್ಕೆ ನೀರು ಮಾತ್ರ ಹಚ್ಚಿದ್ದೀನಿ" ಅಂದಳು. ನೀರೂ ಚೆನ್ನಾಗಿದೆ ಎಂದೆ.

ಒಂದು ದಿನ ಅವಳು ಕುಂಚ ಕೆಳಗಿಟ್ಟಳು. "ಮುಂಚೆ ನೀವು ಬೆಟ್ಟ ಇಡ್ಲಿ ಮಾದಿರಿ ಇದೆ ಅಂತಿದ್ರಿ. ನಂಗೆ ಕೋಪ ಬರ್ತಿತ್ತು, ಆದ್ರೆ ಸರಿ ಮಾಡ್ತಿದ್ದೆ. ಈಗ ನಿಮ್ ಬಾಯಿಂದ ನಿಜ ಬರ್ಲಿಲ್ಲ ಅಂದ್ರೆ ನಾನ್ ಯಾರ್ನ ಕೇಳ್ಲಿ?" ಅವಳ ಕಣ್ಣಲ್ಲಿ ನೀರಿತ್ತು. ಬಾವಿಯ ಅಂಚಿನಲ್ಲಿ ಬಾರದಿದ್ದ ನೀರು. ಆಗ ಒಂದು ಒಪ್ಪಂದವಾಯಿತು: ಅವಳು ಬರೆಯುವಾಗ ನಾನು ಅವಳ ಹಿಂದೆ, ನೆಲ ಮುಗಿಯುವ ಕಡೆ, ಕೈ ಚಾಚಿಕೊಂಡು ನಿಲ್ಲಬೇಕು. ಅಂಗೈ ಬೆನ್ನಿಗೆ ತಾಕಿದರೆ ಅವಳು ನಿಲ್ಲುತ್ತಾಳೆ. ಪ್ರತಿಯಾಗಿ ನಾನು ಚಿತ್ರವನ್ನು ನೋಡಿ ನಿಜ ಹೇಳಬೇಕು.

ಕಳೆದ ವಾರ ಕಾರಮಡೈ ಕಡೆಯ ಒಂದು ಬಾಳೆತೋಟದಲ್ಲಿ ಒಪ್ಪಂದ ಜಾರಿಗೆ ಬಂತು. ನನ್ನ ಬೆನ್ನಿಗೆ ಒಂದು ಕಾಲುವೆ, ತುಂಬಿ ಹರಿಯುತ್ತಿತ್ತು. ನನಗೆ ಈಜು ಬಾರದು. ಒಪ್ಪಂದದ ವೇಳೆ ಆ ವಿಷಯ ಚರ್ಚೆಗೆ ಬಂದಿರಲಿಲ್ಲ. ಸುಮತಿ ಕುಂಚ ಎತ್ತಿ, "ಹೇಳಿ, ಹೇಗಿದೆ? ನಿಜ ಹೇಳಿ" ಅಂದಳು. ನೋಡಿದೆ. ಬಾಳೆಗಿಡಗಳು ಮುರಿದ ಕೊಡೆಗಳ ಹಾಗೆ ನಿಂತಿದ್ದವು, ಬೆಟ್ಟ ಒಂದು ಕಡೆ ವಾಲಿತ್ತು. ನನ್ನ ಹಿಮ್ಮಡಿಯ ಕೆಳಗೆ ಮಣ್ಣು ಸ್ವಲ್ಪ ಜಾರಿತು.

"ಚೆನ್ನಾಗಿದೆ" ಎಂದೆ.

"ಇರಿ, ನಾನೇ ನೋಡ್ತೀನಿ" ಎಂದು ಸುಮತಿ ಕಣ್ಣನ್ನು ಅರ್ಧ ಮುಚ್ಚಿ, ಒಂದು ಹೆಜ್ಜೆ ಹಿಂದಿಟ್ಟಳು.